ಮೂಲ ಧ್ವನಿ

ಪರದೆಯ ಮೇಲೆ ಎಂಟು ವರ್ಷದ ಆಲಾನ್ ಬಂಡೆಯ ತುದಿಗೆ ಬಂದು ನಿಂತಳು. ಎದೆಗವಚಿಕೊಂಡಿದ್ದ ಪಾರಿವಾಳವನ್ನು ಎರಡೂ ಕೈಯಲ್ಲಿ ಮೇಲೆತ್ತಿ ಬಾಯಿ ತೆರೆದಳು. ಮೂರನೇ ಸಾಲಿನಲ್ಲಿ ಕುಳಿತಿದ್ದ ಅವಳ ತಾಯಿ ಗಿನ್‌ಹ್ಯೋ ಕಿವಿ ನಿಮಿರಿಸಿದಳು.

"ಫೇ!" ಎಂದಿತು ಸಿನಿಮಾ. ಹಾರು!

ಗಂಟೆ ಬಾರಿಸಿದಂಥ ಶುದ್ಧ ಮ್ಯಾಂಡರಿನ್. ಮಗಳ ಧ್ವನಿಯಲ್ಲ. ನಲವತ್ತೇಳು ವರ್ಷದ ಹಿಂದೆ ಸಿನಿಮಾ ಮೊದಲು ಬಂದಾಗ ಬೇರೆಯವರಿಂದ ಹಾಕಿಸಿದ್ದ ಧ್ವನಿಯೇ ಈಗಲೂ. ಥಿಯೇಟರಿನ ತುಂಬ ಚಪ್ಪಾಳೆ ಬಿತ್ತು. ಪಾರಿವಾಳ ಹಿಡಿದು, ಅಪ್ಪನನ್ನು ಹುಡುಕುತ್ತ ಬೆಟ್ಟ ದಾಟುವ ಆ ಹುಡುಗಿಯನ್ನು ನೋಡದೆ ಆ ತೈನಾನ್ ಊರಿನಲ್ಲಿ ಬೆಳೆದವರು ಕಡಿಮೆ. ಅಜ್ಜಂದಿರು ಮೊಮ್ಮಕ್ಕಳನ್ನು ಕರೆತಂದಿದ್ದರು.

"ಪೋಸ್ಟರಲ್ಲಿ 'ಮೂಲ ಧ್ವನಿಯೊಂದಿಗೆ' ಅಂತ ಬರ್ದಿದ್ರಲ್ಲೇ," ಗಿನ್‌ಹ್ಯೋ ಪಕ್ಕದಲ್ಲಿದ್ದ ತಂಗಿಯ ಕಡೆ ಬಾಗಿದಳು.

"ಹಳೇ ಸಿನಿಮಾದಲ್ಲಿ ಹೇಗಿತ್ತೋ ಹಾಗೆ ಅಂತ ಅರ್ಥ ಅಕ್ಕಾ. ಕರಕರ ಸದ್ದು ತೆಗೆದಿದಾರೆ, ಅಷ್ಟೇ." ಆಮುಯ್ ಬೇಯಿಸಿದ ಕಡಲೇಕಾಯಿ ಬಿಡಿಸುತ್ತಿದ್ದಳು. "ಅದಕ್ಕೇನಾ ನೀನು ಬೆಳಿಗ್ಗೆಯಿಂದ ತಲೆಗೆ ಬಣ್ಣ, ಹೊಸ ಅಂಗಿ ಅಂತ ಕುಣೀತಿದ್ದದ್ದು? ನಾನು ಆ ಸಿನಿಮಾದ ಹೀರೋ ಬರ್ತಾನೇನೋ ಅಂದ್ಕೊಂಡೆ!"

ಗಿನ್‌ಹ್ಯೋ ನಗಲಿಲ್ಲ. ಆಲಾನ್ ತೀರಿಕೊಂಡು ಆರು ವರ್ಷ. ಅವಳು ಚಿಕ್ಕವಳಿದ್ದಾಗಿನ ಫೋಟೋಗಳಿವೆ, ಆ ಸಿನಿಮಾಕ್ಕೆ ಹಾಕಿಕೊಂಡ ಕ್ಯಾನ್ವಾಸ್ ಬೂಟುಗಳಿವೆ. ಆ ವಯಸ್ಸಿನ ಧ್ವನಿ ಮಾತ್ರ ಎಲ್ಲೂ ಉಳಿದಿಲ್ಲ.

ಅವರ ಮನೆಮಾತಿನ ನಾಲಿಗೆ 'ಫ'ಕ್ಕೆ ಹೊರಳುತ್ತಿರಲಿಲ್ಲ. 'ಫೇ' ಎನ್ನಲು ಹೋದರೆ ಆಲಾನ್ ಬಾಯಲ್ಲಿ ಅದು 'ಹ್ವೇ' ಆಗುತ್ತಿತ್ತು. ಹಾರು ಎನ್ನಬೇಕಾದ ಕಡೆ ವಾಪಸು ಬಾ ಎಂದಂತೆ. ಚಿತ್ರೀಕರಣದ ದಿನಗಳಲ್ಲಿ ಅಕ್ಕಿ ತೊಳೆಯುವಾಗ, ಜಡೆ ಹೆಣೆಯುವಾಗ, ಗಿನ್‌ಹ್ಯೋ ತಿದ್ದಿದ್ದೇ ತಿದ್ದಿದ್ದು. ನಿರ್ದೇಶಕರು ನಕ್ಕುಬಿಟ್ಟಿದ್ದರು. "ಇರ್ಲಿ ಬಿಡಿ ತಾಯಿ, ಬೆಟ್ಟದ ಹುಡುಗಿ ಹೀಗೇ ಮಾತಾಡೋದು." ಒಪ್ಪದೇ ಹೋದವಳು ಗಿನ್‌ಹ್ಯೋಳೇ. ಅಂಚೆ ಕಚೇರಿಯ ಕಿಟಕಿಯಾಚೆ ಕುಳಿತ ಗುಮಾಸ್ತ ತನ್ನ ಉಚ್ಚಾರಣೆಗೆ ನಕ್ಕದ್ದು, ಸಾಲಿನಲ್ಲಿದ್ದವರೆಲ್ಲ ನಕ್ಕದ್ದು ಅವಳಿಗೆ ಮರೆತಿರಲಿಲ್ಲ. "ಊರೆಲ್ಲ ಆಡ್ಕೊಂಡು ನಗುತ್ತೆ ಸಾರ್, ಒಂದು ಒಳ್ಳೇ ಧ್ವನಿ ಹಾಕ್ಸಿಬಿಡಿ," ಎಂದು ಸೊಂಟ ಬಗ್ಗಿಸಿ ಬೇಡಿಕೊಂಡಿದ್ದಳು. ಬಿಡುಗಡೆಯ ದಿನ ಇದೇ ಥಿಯೇಟರಿನಲ್ಲಿ ಆಲಾನ್ ಅವಳ ತೋಳು ಜಗ್ಗಿದ್ದಳು.

"ಅಮ್ಮಾ, ನನ್ನ ಬಾಯಲ್ಲಿ ಮಾತಾಡ್ತಿರೋದು ಯಾರು?"

"ನೀನೇ ಕಣೇ. ತಿದ್ದಿದ ಮೇಲೆ ನೀನು ಹೀಗಿರ್ತೀಯ."

ಆಲಾನ್ ಮತ್ತೆ ನಟಿಸಲಿಲ್ಲ. ಮಾತಾಡುವ ಮುನ್ನ ಒಂದು ಗಳಿಗೆ ತಡೆಯುವ ಅಭ್ಯಾಸವೊಂದು ಅವಳಿಗೆ ಹತ್ತಿಕೊಂಡಿತು. "ಹಸಿವು" ಎನ್ನುವುದಕ್ಕೂ ತಡೆಯುತ್ತಿದ್ದಳು. ಕೊನೆಗೆ ಆಸ್ಪತ್ರೆಯ ಮಂಚ ಹಿಡಿದಾಗಲೂ ಆ ಅಭ್ಯಾಸ ಅವಳನ್ನು ಬಿಡಲಿಲ್ಲ.

ಸಿನಿಮಾ ಮುಗಿದ ಮೇಲೆ, ಆಲಾನ್‌ಗೆ ಧ್ವನಿ ಕೊಟ್ಟಿದ್ದ ಕಲಾವಿದೆಯನ್ನು ವೇದಿಕೆಗೆ ಕರೆದು ಹೂಗುಚ್ಛ ಕೊಟ್ಟರು. ಎಲ್ಲರೂ ಗೌರವದಿಂದ 'ತಾವ್ ಟೀಚರ್' ಎಂದು ಕರೆಯುವ ಆಕೆ ಎಪ್ಪತ್ತು ದಾಟಿದ್ದರೂ ನೆಟ್ಟಗಿದ್ದರು. ಆಕೆ ಹೊರಗೆ ಬರುವ ಬಾಗಿಲಲ್ಲೇ ಗಿನ್‌ಹ್ಯೋ ಅಡ್ಡ ನಿಂತಳು.

"ನಾನು ಆಲಾನ್ ತಾಯಿ."

"ಅಯ್ಯೋ ದೇವರೇ!" ತಾವ್ ಅವಳ ಕೈ ಹಿಡಿದುಕೊಂಡರು. "ನನ್ನ ಪುಟಾಣಿ ಹೇಗಿದಾಳೆ? ಅವಳೂ ಬಂದಿದಾಳಾ?"

"ಇಲ್ಲ ಟೀಚರ್. ಹೋಗ್ಬಿಟ್ಲು."

ತಾವ್ ಹಿಡಿದ ಕೈ ಬಿಡಲಿಲ್ಲ. ಗಿನ್‌ಹ್ಯೋ ಆತುರಪಟ್ಟಳು. "ನೀವು ಧ್ವನಿ ಕೊಡೋಕೆ ಮೊದಲು ಅವಳದ್ದು ಕೇಳಿಸ್ಕೊಂಡಿರ್ಬೇಕಲ್ವಾ?"

"ಮೂರು ದಿನ ಕೇಳ್ದೆ. ಅವಳ ತುಟಿಗೆ ನನ್ನ ಉಸಿರು ಕೂಡಬೇಕಲ್ಲ, ಅದಕ್ಕೆ. ಆಮೇಲೆ ಆ ಟೇಪ್ ಅಳಿಸಿ ಬೇರೆ ಸಿನಿಮಾಕ್ಕೆ ಬಳಸ್ಕೊಂಡ್ರು. ಆಗೆಲ್ಲ ಹಾಗೇ ಮಾಡ್ತಿದ್ದದ್ದು."

"ಹೇಗಿತ್ತು ಟೀಚರ್? ನಂಗೆ ಬರ್ತಾನೇ ಇಲ್ಲ. ಅವಳ ದನಿ ನೆನಪು ಮಾಡ್ಕೊಳ್ಳೋಕೆ ಹೋದ್ರೆ ನೀವೇ ಬರ್ತೀರಿ."

ತಾವ್ ಅವರ ಮುಖ ಒಮ್ಮೆ ಕುಂದಿತು. "ಅಕ್ಕಾ, ಬಿಡೇ, ಪಾಪ ಅವರಿಗೂ ವಯಸ್ಸಾಗಿದೆ," ಎಂದು ಆಮುಯ್ ಅಕ್ಕನ ತೋಳು ಎಳೆದಳು.

"ಇದನ್ನ ಸ್ವಲ್ಪ ಹಿಡ್ಕೋಮ್ಮ," ಎಂದು ತಾವ್ ಹೂಗುಚ್ಛವನ್ನು ಆಮುಯ್‌ಳ ಕೈಗಿಟ್ಟರು. ಕಣ್ಣು ಮುಚ್ಚಿದರು. ಪಾದಗಳನ್ನು ತುಸು ಒಳಕ್ಕೆ ತಿರುಗಿಸಿ ನಿಂತು, ಎರಡೂ ಕೈ ಮೇಲೆತ್ತಿದರು. ತುಟಿ ಒಮ್ಮೆ ಅಲುಗಿ ಸುಮ್ಮನಾಯಿತು, ಮತ್ತೆ ಅಲುಗಿತು. ಆಮೇಲೆ ಆ ಮುದಿ ಗಂಟಲಿನಿಂದ ಶೀತ ಹಿಡಿದ ಮೂಗಿನ, ಅಂಚು ಒಡೆದ, ಸಣ್ಣದೊಂದು ದನಿ ಹೊರಬಂತು.

"ಹ್ವೇ!"

ಬಾಗಿಲ ಬಳಿ ಮೀನಿನಾಕಾರದ ಪುಟ್ಟ ಬಿಸ್ಕತ್ತು ತಿನ್ನುತ್ತಿದ್ದ ಇಬ್ಬರು ಮಕ್ಕಳು, ಕೂಗಿದ ಹುಡುಗಿ ಯಾರೆಂದು ತಿರುಗಿ ನೋಡಿದರು.

ಗಿನ್‌ಹ್ಯೋಳ ಕೈ ತಾನಾಗಿ ಕೆಳಗಿಳಿದು, ಎಂಟು ವರ್ಷದ ಮಗುವಿನ ತಲೆ ಇರುವ ಎತ್ತರದಲ್ಲಿ ನಿಂತಿತು. ಅವಳು ತಡೆಯುವ ಮೊದಲೇ ಬಾಯಿ ಆಡಿಬಿಟ್ಟಿತ್ತು:

"ಹ್ವೇ ಅಲ್ಲ ಕಣೇ... ಫೇ ಅನ್ನು."