ದುರಗೇಶನ ಒಪ್ಪಿಗೆ

"ರಾತ್ರಿ ಪಾಳಿ ಅಂದ್ರ ನಿದ್ದಿಗೆ ಏನ್ ಮಾಡ್ತಿ?" ಎಂದು ಕೇಳಿದರು ಮ್ಯಾನೇಜರ್ ಕರಿಬಸಪ್ಪ.

"ಹಗಲೊತ್ತು ಬಾಗ್ಲಾ ಹಾಕ್ಕೊಂಡು ಮಲಗ್ತೀನ್ರಿ" ಎಂದಳು ಶ್ವೇತಾ.

"ಮನ್ಯಾಗ ಅಡಿಗಿ ಯಾರು ಮಾಡ್ತಾರ?"

"ಹಸದವ್ರು ಮಾಡ್ತಾರ್ರಿ."

ಕರಿಬಸಪ್ಪನವರು ಮುಖ ಗಂಟಿಕ್ಕಿದರು. ಕೊಪ್ಪಳದ ಹೊರಗಿನ ಆ ಬಾಟಲಿ ಮುಚ್ಚಳದ ಕಾರ್ಖಾನೆಯಲ್ಲಿ ಯಂತ್ರ ನಡೆಸುವವರು ಬೇಕಾಗಿದ್ದರು. ಶ್ವೇತಾಳಿಗೆ ಈ ಕೆಲಸ ಬೇಕೇ ಬೇಕಿತ್ತು. ಐಟಿಐ ಪಾಸಾಗಿಯೂ ತಾವರಗೇರಾದಲ್ಲಿ ಕಂಡವರ ಹೊಲದ ಮೆಣಸಿನಕಾಯಿ ಬಿಡಿಸಿ ಬಿಡಿಸಿ ಅವಳ ಕೈಯೂ ಉರಿದಿತ್ತು, ಹೊಟ್ಟೆಯೂ ಉರಿದಿತ್ತು. ಅವಳೊಂದಿಗೆ ಒಂದೇ ಬೈಕಿನಲ್ಲಿ, ಇದೇ ಕೆಲಸಕ್ಕೆ ಬಂದಿದ್ದ ತಮ್ಮ ದುರಗೇಶನಿಗೆ ಆಗಲೇ ಕೆಲಸ ಸಿಕ್ಕಿತ್ತು. ಆ ಮಹಾರಾಯನನ್ನು ಕೇಳಿದ್ದು ಒಂದೇ ಪ್ರಶ್ನೆ, ಸೋಮವಾರದಿಂದ ಬರ್ತೀಯೇನು ಅಂತ.

"ನೋಡವಾ, ನಾಳಿ ನಿಮ್ಮ ಮನಿಯವ್ರು ಬಂದು ಗೇಟಿನ ಮುಂದ ಗದ್ಲ ಮಾಡಬಾರ್ದು. ಮನಿ ಗಂಡಸರ ಒಪ್ಪಿಗಿ ಬೇಕು" ಎಂದು ಕರಿಬಸಪ್ಪ ದುರಗೇಶನನ್ನು ಒಳಗೆ ಕರೆಸಿದರು. "ಏನಪಾ, ನಿಮ್ಮಕ್ಕನ್ನ ರಾತ್ರಿ ಪಾಳಿಗೆ ಕಳಸಾಕ ನಿನ್ನ ಒಪ್ಪಿಗಿ ಐತೇನು?"

ದುರಗೇಶ ಬಾಯಿ ತೆರೆದ. ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಅಕ್ಕನ ಕೆಲಸ ಗಟ್ಟಿಯಾಗುತ್ತಿತ್ತು.

"ಹೂಂ ಅಂದಿ ಅಂದ್ರ ನೋಡು ಮತ್ತ!" ಎಂದಳು ಶ್ವೇತಾ. ಇವನಿಗೆ ಚಡ್ಡಿಯ ಗುಂಡಿ ಹಾಕಿ ಶಾಲೆಗೆ ಕಳಿಸಿದವಳು ಅವಳು. ಈಗ ಇವನು ತಲೆ ಅಲ್ಲಾಡಿಸಿದರೆ ಮಾತ್ರ ತನಗೆ ಕೆಲಸವೆಂದರೆ ಅವಳಿಗೆ ಸಿಟ್ಟು ನೆತ್ತಿಗೇರಿತು. "ಸರ, ಇವನ್ನ ಕಳಸಾಕ ನನ್ನ ಒಪ್ಪಿಗಿ ಕೇಳೀರೇನ್ರಿ? ಇಬ್ಬರದೂ ಒಂದ ಮನಿ, ಒಂದ ಪಾಳಿ."

"ಅಂವ ಗಂಡ್ಸವಾ!"

"ನಾ ಇವನ ಅಕ್ಕ ಅದೀನ್ರಿ."

"ಅಂವ ಹೂಂ ಅನ್ನಲಿಲ್ಲಂದ್ರ ನಿನಗ ಕೆಲಸಿಲ್ಲ. ಹಿಂಗ ವಾದ ಮಾಡಿದ್ರ ಅವಂದೂ ಇರಂಗಿಲ್ಲ." ಕರಿಬಸಪ್ಪ ಬಾಗಿಲಿನತ್ತ ಕೈ ತೋರಿಸಿದರು. "ಏಳು ಇನ್ನ."

ಶ್ವೇತಾ ಏಳಲಿಲ್ಲ. ತಮ್ಮನ ಕೆಲಸಕ್ಕೂ ಕುತ್ತು ಬಂದಿತ್ತು. ಆದರೂ ಹೇಳಿಯೇಬಿಟ್ಟಳು: "ಕೆಲಸ ಕೇಳಾಕ ಬಂದೀನ್ರಿ. ಇವನ ಒಪ್ಪಿಗಿ ಕೇಳಾಕ ಬಂದಿಲ್ಲ."

ದುರಗೇಶ ಒಮ್ಮೆ ಬಾಗಿಲನ್ನು ನೋಡಿದ, ಒಮ್ಮೆ ಅಕ್ಕನನ್ನು ನೋಡಿದ. ಆಮೇಲೆ ಗೋಡೆಯ ಬದಿಗಿದ್ದ ಕುರ್ಚಿಯನ್ನು ಎಳೆದು ತಂದು ಅವಳ ಪಕ್ಕದಲ್ಲೇ ಕೂತುಬಿಟ್ಟ.

"ಮೊದಲ ಆಕೀನ್ನ ಕೇಳ್ರಿ ಸರ, ನನ್ನ ಕಳಸ್ತಾಳೋ ಇಲ್ಲೋ ಅಂತ."