ನಾಲ್ಕನೆಯ ಕಚ್ಚು

ಮರದ ಸ್ಟಿಯರಿಂಗ್ ಚಕ್ರದ ಅಡಿಯಲ್ಲಿ ಹರಿದಾಡುತ್ತಿದ್ದ ಸೋಮಶೇಖರ ಸಾಹುಕಾರರ ಬೆರಳು ಥಟ್ಟನೆ ನಿಂತಿತು. ಪೂನಮ್ ಬಾಗಿ ನೋಡಿದಳು.

"ಇದು ಡುಪ್ಲಿಕೇಟ್ ಐತಿ," ಅಂದರು ಸಾಹುಕಾರರು.

ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ದೀಪದ ಗಾಜು ಅಸಲಿ. ಬಾಗಿಲ ಹಿಡಿಕೆ ಅಸಲಿ. ರೇಡಿಯೇಟರಿನ ಮುಚ್ಚಳ ಕೂಡ ಅಸಲಿ. ಗೋಕಾಕಿನ ಈ ಹಳೆಯ ಕಾರುಗಳ ಸ್ಪರ್ಧೆಯಲ್ಲಿ ‘ಪೂರಾ ಅಸಲಿ’ ಎಂಬ ಪ್ರಮಾಣಪತ್ರ ಬೇಕೆಂದರೆ ಒಂದೇ ಒಂದು ಸಾಮಾನೂ ಆಮೇಲೆ ಮಾಡಿಸಿ ಕೂರಿಸಿದ್ದಾಗಿರಬಾರದು. ತೀರ್ಪುಗಾರರು ಸಾಹುಕಾರರು. ಅವರ ಕಣ್ಣು ತಪ್ಪಿಸುವುದು ಯಾರಿಂದಲೂ ಆಗದ ಮಾತು.

ಯಮಕನಮರಡಿಯ ಹೆದ್ದಾರಿ ಪಕ್ಕದ ತನ್ನ ಗ್ಯಾರೇಜಿನಲ್ಲಿ ಪೂನಮ್ ನಾಲ್ಕು ವರ್ಷ ಈ ಕಾರಿನ ತುಕ್ಕು ತಿಕ್ಕಿದ್ದಳು. ಅದು ಬಹುಮಾನದ ಆಸೆಗಲ್ಲ. ಅವಳ ಅಜ್ಜ ಹನಮಂತ, ಅವಳ ಪಾಲಿನ ಮುತ್ಯಾ, ಒಂದು ಕಾಲಕ್ಕೆ ಹುಕ್ಕೇರಿಯ ಇನಾಮದಾರರೊಬ್ಬರ ಡ್ರೈವರ್. ಕಾರು ಯಾರಿಗೂ ಬೇಡವಾದಾಗ ಇನಾಮದಾರರು ಅದನ್ನು ಅವನಿಗೇ ಕೊಟ್ಟು ಕೈತೊಳೆದುಕೊಂಡರು. "ಒಂದ ಸ್ಕ್ರೂ ಸೈತ ಬದಲ ಮಾಡಿಲ್ಲ" ಎಂದು ಅವನು ಐವತ್ತು ವರ್ಷ ಹೇಳಿದ. ಅವನ ಊರು ಘೋಡಗೇರಿಯ ಜನ ಐವತ್ತು ವರ್ಷ ನಕ್ಕರು. ಡ್ರೈವರನ ಮಾತು ತಾನೇ! ಮುತ್ಯಾನ ಮಾತು ಸುಳ್ಳಲ್ಲ ಎಂದು ಒಬ್ಬ ದೊಡ್ಡ ಮನುಷ್ಯ ಕಾಗದದ ಮೇಲೆ ಬರೆದುಕೊಡಬೇಕು, ಅದೂ ಅವನು ಕಣ್ಣು ಮುಚ್ಚುವ ಮೊದಲು. ಅವಳಿಗೆ ಬೇಕಿದ್ದದ್ದು ಇಷ್ಟೇ.

ಬೆಳಿಗ್ಗೆ ಶಕುನವೇನೋ ಚೆನ್ನಾಗಿಯೇ ಇತ್ತು. ಗೇಟಿನ ಬಳಿ ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ಹಣ್ಣುಗಳನ್ನು ಮಾರುತ್ತಿದ್ದ ಮುದುಕಿ ಯಮನವ್ವ, "ಚೊಲೋ ಆಗ್ಲೆವ್ವಾ" ಎಂದು ಅವಳ ಕೈಗೊಂದು ಮಾವಿನಹಣ್ಣು ಇಟ್ಟಿದ್ದಳು. ಮುದುಕಿಯ ಬಲಗೈಯ ಕಿರುಬೆರಳು ಅರ್ಧವೇ ಇತ್ತು, ಚಿಕ್ಕಂದಿನಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕಿತ್ತಂತೆ. ಹಣ್ಣು ಮಾತ್ರ ನೊಣವೂ ಮೋಸಹೋಗುವಂತಿತ್ತು. ಯಮನವ್ವನ ಗಂಡ ಯಲ್ಲಾರಿಯ ಕೈಚಳಕ ಅದು.

"ಹೆಂಗ್ರಿ ಡುಪ್ಲಿಕೇಟ್?" ಪೂನಮ್ ಕೇಳಿದಳು.

ಸುತ್ತ ಹಗ್ಗ ಕಟ್ಟಿ ನಿಲ್ಲಿಸಿದ್ದ ಇನ್ನೊಂದು ಕಾರಿನ ಬಳಿ ಸಾಹುಕಾರರು ಅವಳನ್ನು ಕರೆದೊಯ್ದರು. ಅದೇ ಕಂಪನಿ, ಅದೇ ವರ್ಷದ ಗಾಡಿ. ಅವರ ತೀರಿಹೋದ ತಂದೆ ಕಾಶಿನಾಥ ಸಾಹುಕಾರರದು. ಮೂಡಲಗಿಯ ವಾಡೆಯಿಂದ ಸ್ಪರ್ಧೆಗಲ್ಲ, ಮಾದರಿಗೆಂದು ತಂದಿದ್ದರು. ಈ ಸೀಮೆಯಲ್ಲಿ ಈ ಗಾಡಿಯ ಅಸಲಿತನದ ಬಗ್ಗೆ ಯಾರಿಗೇನು ಗೊತ್ತಿದ್ದರೂ ಅದನ್ನು ನೋಡಿ ಕಲಿತದ್ದೇ.

"ನೋಡವಾ. ಅಡಿಗೆ ಬೆರಳ ಕೂಡ್ರಾಕ ಕಚ್ಚು ಅದಾವಲ್ಲ? ಮೂರು ದೊಡ್ಡವು, ನಾಕನೇದು ಸಣ್ಣದು. ಮತ್ತ ಮೂರು ದೊಡ್ಡವು, ಒಂದು ಸಣ್ಣದು. ಕತ್ತಲ್ದಾಗೂ ಕೈ ಎಲ್ಲೈತಿ ಅಂತ ಡ್ರೈವರಗ ತಿಳೀಬೇಕು. ವಿಲಾಯತಿ ಇಂಜಿನಿಯರ್ ತಲಿ ಅದು! ನಿನ್ನ ಚಕ್ರದಾಗ ಎಲ್ಲಾ ಒಂದ ಅಳತಿ. ಇದು ಗೋಕಾಕದ ಕೈ."

ಮರ ಕೆತ್ತುವ ಗೋಕಾಕದ ಕೈ ಎಂದರೆ ಯಾರ ಕೈ ಎಂದು ಕೇಳಬೇಕಾದ್ದಿರಲಿಲ್ಲ. ಯಲ್ಲಾರಿಗೆ ಹೇಳಿಕಳಿಸಿದರು.

ಅವನು ಬರುವಷ್ಟರಲ್ಲಿ ಪೂನಮ್ ಮನೆಗೆ ಫೋನು ಹಚ್ಚಿದಳು. ಕೇಳಬಾರದಿತ್ತು, ಕೇಳಿಬಿಟ್ಟಳು.

"ಮುತ್ಯಾ, ಖರೆ ಹೇಳು. ಸ್ಟಿಯರಿಂಗ್ ಯಾವಾಗರ ಬದಲ ಮಾಡ್ಸಿದ್ದೇನು?"



"ನೀನೂ ಕೇಳಿದ್ಯಾ ಯವ್ವಾ," ಅಂದ ಮುದುಕ. ಫೋನು ಕಟ್ಟಾಯಿತು.

ಯಲ್ಲಾರಿ ಬಂದು ಅವಳ ಕಾರಿನ ಚಕ್ರವನ್ನು ಸುತ್ತಲೂ ಸವರಿದ. ನಂತರ ತಲೆ ತಗ್ಗಿಸಿ ನಿಂತ.

"ಇಂಥಾ ಚಕ್ರ ನೀ ಮಾಡಿದ್ದು ಖರೆ ಹೌದಿಲ್ಲೋ?" ಸಾಹುಕಾರರು ಕೇಳಿದರು.

"ಹೌದ್ರಿ. ಒಂದ ಮಾಡೇನ್ರಿ. ಮೂವತ್ತೈದ ವರ್ಷ ಆತು. ನೋಡಿ ಮಾಡಾಕ ಅಸಲಿ ಚಕ್ರದ್ದು ಮುರಕ ತುಂಡು ಸೈತ ಇರಲಿಲ್ಲ. ಕೈ ಹೆಂಗ ಕೂಡ್ರತೈತಿ ಅಂತ ನೋಡಿ ಕೆತ್ತಿದ್ನಿ."

"ಯಾರಿಗೆ ಮಾಡಿಕೊಟ್ಟಿ?"

"ಹೇಳಾಕ ಬರೂದಿಲ್ರಿ. ಬಾಯಿ ಬಿಡೂದಿಲ್ಲಂತ ದೇವ್ರ ಭಂಡಾರ ಎತ್ತಿ ಆಣಿ ಮಾಡೇನಿ." ಅಷ್ಟು ಹೇಳಿ ಅವನು ಪೂನಮ್ ಕಡೆ ತಿರುಗಿದ. "ಆದ್ರ ಇದು ನಂದಲ್ಲವ್ವಾ."

"ನಿಂದಲ್ಲ ಅಂದ್ರ ನೀ ಮಾಡಿದ್ದು ಎಲ್ಲಿ ಹೋತು? ಹಾರಿಹೋತೇನು?" ಸುತ್ತ ನಿಂತವರು ಗೊಳ್ಳೆಂದು ನಕ್ಕರು.

ಯಲ್ಲಾರಿ ಕೈ ಮುಗಿದ. ಹೇಳಿದರೆ ಆಣೆ ಮುರಿಯುತ್ತದೆ, ಹೇಳದಿದ್ದರೆ ಈ ಹುಡುಗಿ ಮುಳುಗುತ್ತಾಳೆ. ಪಾಪ, ಅವನ ಕಣ್ಣಲ್ಲಿ ನೀರಾಡಿದ್ದನ್ನು ಪೂನಮ್ ನೋಡಿದಳು. ಮುತ್ಯಾನಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಒದ್ದಾಡುತ್ತಿದ್ದಾನೆ ಎಂದೇ ಅವಳಿಗನಿಸಿತು. ಇನ್ನು ಯಾರೊಂದಿಗೆ ವಾದಿಸುವುದು?

ಸಾಹುಕಾರರು ಕಾರ್ಡಿನ ಮೇಲೆ ಕೆಂಪು ಗೆರೆ ಎಳೆದರು. ಅವರೇನು ಕೆಟ್ಟವರಲ್ಲ. "ಮನಸಿಗೆ ಹಚ್ಚಿಕೋಬ್ಯಾಡವಾ. ಡ್ರೈವರ್ ಮಂದಿ, ಏನೋ ಮಾಡ್ಸಿರ್ತಾರ," ಎಂದು ಸಮಾಧಾನವನ್ನೂ ಹೇಳಿದರು. ಮೈಕಿನಲ್ಲಿ ಬೇರೊಬ್ಬರ ಕಾರಿನ ಹೆಸರು ಕೂಗಿದರು.

ಪೂನಮ್ ಚಕ್ರದ ಮೇಲೆ ಹಣೆಯಿಟ್ಟು ಕೂತಳು. ಘೋಡಗೇರಿಗೆ ಯಾವ ಮುಖ ಹೊತ್ತು ಹೋಗುವುದು? ಮುತ್ಯಾ ಸುಳ್ಳು ಹೇಳಿದ್ದ ಎಂಬುದಕ್ಕಿಂತ, ಅದನ್ನು ತಾನು ನಂಬಿಬಿಟ್ಟೆ ಎಂಬುದೇ ಅವಳನ್ನು ಹಿಂಡಿತು.

ಕಿಟಕಿಯಾಚೆ ಯಮನವ್ವ ಬಂದು ನಿಂತಿದ್ದಳು.

"ಭಂಡಾರ ಎತ್ತಿದವ್ರು ನಮ್ಮ ಮನಿಯವ್ರು," ಅಂದಳು ಮುದುಕಿ. "ನಾ ಅಲ್ಲ. ಬಾ."

ಪೂನಮ್ ಅವಳ ಹಿಂದೆ ಹೋದಳು. ಯಮನವ್ವ ನೆಟ್ಟಗೆ ನಡೆದು, ಹಗ್ಗವೆತ್ತಿ, ಮೂಡಲಗಿಯ ಕಾರಿನ ಕಿಟಕಿಯೊಳಗೆ ತನ್ನ ಬಲಗೈ ತೂರಿಸಿದಳು.

"ಏ ಮುದುಕಿ, ಮುಟ್ಟಬ್ಯಾಡ! ಅಸಲಿ ಐತದು!" ಸಾಹುಕಾರರು ಕೂಗುತ್ತಾ ಓಡಿಬಂದರು.

ಅಷ್ಟರಲ್ಲಿ ಯಮನವ್ವನ ಮೂರು ಬೆರಳು ಮೂರು ದೊಡ್ಡ ಕಚ್ಚುಗಳಲ್ಲಿ ಕೂತಿದ್ದವು, ಅರ್ಧ ಕಿರುಬೆರಳು ಅಳತೆ ಕೊಟ್ಟು ಮಾಡಿಸಿದಂತೆ ನಾಲ್ಕನೆಯದರಲ್ಲಿ.