ಗಂಟೆಗೆ ಆರುನೂರು ಮುಚ್ಚಳ

"ತಪ್ಪು ಪೂರ್ತಿ ಈಕೆಯದೇ ಮೇಡಂ," ಎಂದು ಕಂಪನಿಯ ವಕೀಲರು ಗೋಡೆಯ ಫಲಕವನ್ನು ತೋರಿಸಿದರು. ಯಂತ್ರದ ಎಡಕ್ಕೊಂದು, ಬಲಕ್ಕೊಂದು ಗುಂಡಿ. ಎರಡನ್ನೂ ಎರಡು ಅಂಗೈಗಳಿಂದ ಒತ್ತಿಯೇ ಅಚ್ಚನ್ನು ಇಳಿಸಬೇಕು, ಡಬ್ಬಿಯ ಮುಚ್ಚಳ ಕತ್ತರಿಸಬೇಕು ಎಂದು ಅದರಲ್ಲಿ ಬರೆದಿತ್ತು. ಅದನ್ನು ಓದಿ ಸಹಿ ಹಾಕಿದವಳು ಒಂದು ಗುಂಡಿಯನ್ನು ಮೊಣಕೈಯಿಂದ ಒತ್ತಿಕೊಂಡು ಅದೇ ಕೈಯನ್ನು ಅಚ್ಚಿನಡಿಗೆ ಚಾಚಿದರೆ ಕಂಪನಿ ಏನು ಮಾಡೀತು?

ಆ ಅಚ್ಚಿನಡಿ ಸಿಕ್ಕಿ ಆಕೆಯ ಎಡಗೈಯ ಮೂರು ಬೆರಳು ಹೋಗಿ ಐದು ತಿಂಗಳಾಗಿತ್ತು. ಈಗ ಜಡೆ ಹಾಕಿಕೊಳ್ಳಲೂ ಅತ್ತೆಯ ಕೈ ಬೇಕು. ಇದು ಅವಳದೇ ಅಜಾಗರೂಕತೆ ಎಂದು ತೀರ್ಮಾನವಾದರೆ ಕಂಪನಿಯ ಹೊಣೆ ಅಲ್ಲಿಗೆ ಮುಗಿಯುತ್ತಿತ್ತು.

ವಿಚಾರಣೆಗೆಂದು ಕಾರ್ಖಾನೆಗೇ ಬಂದಿದ್ದ ಕಾರ್ಮಿಕ ಇಲಾಖೆಯ ಅಧಿಕಾರಿ, ಗಂಟೆಗೆ ಎಷ್ಟು ಮುಚ್ಚಳ ಆಗಬೇಕೆಂದು ಮೇಲ್ವಿಚಾರಕನನ್ನು ಕೇಳಿದರು. ಆರುನೂರು ಎಂದ. ಫಲಕದಲ್ಲಿ ಬರೆದಂತೆ ಮಾಡಿದರೆ ಅಷ್ಟಾಗುತ್ತದೆಯೇ ಎಂದರು.

"ಯಾಕಾಗಲ್ಲ ಮೇಡಂ? ಇಪ್ಪತ್ತು ವರ್ಷ ಇದೇ ಸ್ಟೂಲ್ ಮೇಲೆ ಕೂತೋನು ನಾನು. ಇವರಿಗೆ ಬಾಯಿ ಓಡಿದಷ್ಟು ಕೈ ಓಡಲ್ಲ."

ಅಂಗಿಯ ತೋಳು ಮಡಚಿ ಯಂತ್ರದ ಮುಂದೆ ಕುಳಿತೇಬಿಟ್ಟ. ಅಧಿಕಾರಿ ಗಡಿಯಾರ ನೋಡಿಕೊಂಡರು. ತಗಡು ಇಡುವುದು, ಕೈ ಹಿಂದೆಗೆಯುವುದು, ಎರಡು ಗುಂಡಿ ಒತ್ತುವುದು, ಮುಚ್ಚಳ ತೆಗೆಯುವುದು. ಐದು ನಿಮಿಷಕ್ಕೆ ಮೂವತ್ತೊಂದಾಯಿತು. ಆಗಬೇಕಾದದ್ದು ಐವತ್ತು. ಪಕ್ಕದ ಯಂತ್ರದವಳು, "ಅಣ್ಣಾ, ನಮಗಾಗಿದ್ರೆ ಇಷ್ಟೊತ್ತಿಗೆ ಬೈಗುಳ ಶುರುವಾಗ್ತಿತ್ತು," ಎಂದಳು. ಸಾಲಿನುದ್ದಕ್ಕೂ ನಗು ಹರಿಯಿತು. ಅವನ ಕಿವಿ ಕೆಂಪಾಯಿತು. ಕೈ ಚುರುಕಾಯಿತು.

ಎಂಟನೆಯ ನಿಮಿಷದಲ್ಲಿ ಅವನ ಎಡ ಮೊಣಕೈ ತಾನಾಗಿಯೇ ಗುಂಡಿಯ ಮೇಲೆ ಕುಳಿತಿತು. ಎಡಗೈ ತಗಡಿನೊಂದಿಗೆ ಅಚ್ಚಿನಡಿಗೆ ಹೋಯಿತು. ಬಲಗೈ ಇನ್ನೊಂದು ಗುಂಡಿಯನ್ನು ಮುಟ್ಟುವ ಮೊದಲೇ, ಬೆರಳು ಕಳೆದುಕೊಂಡಿದ್ದ ಆಕೆ ಓಡಿಹೋಗಿ ಗೋಡೆಯ ಸ್ವಿಚ್ಚನ್ನು ಕೆಳಗೆಳೆದಳು. ಯಂತ್ರ ನಿಂತಿತು.

"ಕೈ ತೆಗೀರಿ ಅಣ್ಣಾ," ಎಂದಳು ಮೆಲ್ಲಗೆ.

ಮೊಣಕೈಯ ಈ ಅಭ್ಯಾಸ ಆಕೆಗೆ ಎಲ್ಲಿಂದ ಬಂತೆಂದು ಅಧಿಕಾರಿ ಅವನನ್ನೇ ಕೇಳಿದರು. ಉತ್ತರ ಕೊಡಬೇಕಾಗಿಲ್ಲ ಎಂದು ವಕೀಲರು ಎಚ್ಚರಿಸಿದರು. ಅವನು ಅವರತ್ತ ತಿರುಗಿಯೂ ನೋಡಲಿಲ್ಲ.

"ನಾನೇ ಹೇಳಿಕೊಟ್ಟಿದ್ದು ಮೇಡಂ, ಅವಳು ಸೇರಿದ ಮೊದಲನೇ ದಿನಾನೇ. ಇಲ್ಲಾಂದ್ರೆ ಆರುನೂರು ಆಗಲ್ಲ. ನನಗೂ ಹಿಂದಿನೋರು ಹೀಗೇ ಹೇಳಿಕೊಟ್ರು."

ಅಧಿಕಾರಿ ನಿಂತಲ್ಲೇ ಬರೆದು ಗಟ್ಟಿಯಾಗಿ ಓದಿದರು. ನಿಯಮ ಮೀರದೆ ಮುಗಿಸಲಾಗದ ಕೆಲಸವನ್ನು ಕೊಟ್ಟದ್ದು ಕಂಪನಿ. ಗಾಯದ ಪೂರ್ಣ ಹೊಣೆಯೂ ಕಂಪನಿಯದೇ. ಕಾರ್ಮಿಕಳ ತಪ್ಪು ಏನೂ ಇಲ್ಲ.

"ಕೊನೇ ಮಾತು ಇನ್ನೊಂದ್ಸಲ ಓದಿ ಮೇಡಂ," ಎಂದಳು ಆಕೆ.

ಕಟ್ಟಕಡೆಯ ಯಂತ್ರದವಳಿಗೂ ಕೇಳಿಸುವಂತೆ ಅವರು ಮತ್ತೆ ಓದಿದರು. ಸಾಲಿನಲ್ಲಿದ್ದವರೆಲ್ಲ ಎದ್ದು ನಿಂತರು. ಮೇಲ್ವಿಚಾರಕ ಮಾತ್ರ ಸ್ಟೂಲಿನ ಮೇಲೇ ಕುಳಿತು, ಜಪಕ್ಕೆ ಕುಳಿತವನಂತೆ, ತನ್ನ ಎಡಗೈ ಬೆರಳುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಮುಟ್ಟಿಕೊಳ್ಳುತ್ತಿದ್ದ.